ಕೋವಿಯೂ ಅದನ್ನಿಡುವ ಮನೆಯೂ



ನಮ್ಮ ಮಸೂತಿಯಿಂದ ಕೃಷ್ಣೆಯನ್ನು ದಾಟಿ ಪಶ್ಚಿಮಕ್ಕೆ ಸಾಗಿದರೆ ಮುಧೋಳ ಸೀಮೆ. ಅಲ್ಲಿಯ ಹಲಗಲಿಯ ಲಾವಣಿಯನ್ನು ನೀವೆಲ್ಲ ಕೇಳಿಯೇ ಇರುತ್ತೀರಿ. 1857ರಲ್ಲಿ ಬ್ರಿಟಿಷ್ ಸರಕಾರವು ಪರವಾನಗಿಯಿಲ್ಲದೆ ಯಾರೂ ಆಯುಧ ಇಟ್ಟುಕೊಳ್ಳಬಾರದೆಂದು ಕಾಯ್ದೆ ಮಾಡಿತು. ಬೇಟೆಯನ್ನೇ ನಂಬಿದ್ದ ಬೇಡರಿಗೆ ಆಯುಧವೆಂದರೆ ಅನ್ನವೂ ಹೌದು, ಮಾನವೂ ಹೌದು. ಅವರು ಒಪ್ಪಲಿಲ್ಲ. ನವೆಂಬರ್ ಕೊನೆಯಲ್ಲಿ ಸೈನ್ಯವು ಊರಿಗೆ ಬೆಂಕಿಯಿಟ್ಟಿತು. ಡಿಸೆಂಬರಿನಲ್ಲಿ ಸೆರೆಸಿಕ್ಕವರಲ್ಲಿ ಹಲವರನ್ನು ಗಲ್ಲಿಗೇರಿಸಲಾಯಿತು.

ಅದೇ ಸರಕಾರವು 1861ರಲ್ಲಿ, ಕಮಿಷನರ್ ಮಾರ್ಕ್ ಕಬ್ಬನ್ ಅವರ ಕಾಲದಲ್ಲಿ, ಕೊಡವರಿಗೆ ಈ ಕಾಯ್ದೆಯಿಂದ ವಿನಾಯಿತಿ ನೀಡಿತು. ಕಾರಣ ಅವರ ನಿಷ್ಠೆ. ಆ ವಿನಾಯಿತಿಯನ್ನು ಕೇಂದ್ರ ಸರಕಾರವು 2019ರಲ್ಲಿ ಮತ್ತೆ ಹತ್ತು ವರ್ಷ ಮುಂದುವರಿಸಿದೆ.

ಆಯುಧವನ್ನು ಯಾರು ಇಟ್ಟುಕೊಳ್ಳಬೇಕೆಂಬುದನ್ನು ಇತಿಹಾಸವು ಬಹಳವಾಗಿ ಚರ್ಚಿಸಿದೆ; ಹೇಗೆ ಇಟ್ಟುಕೊಳ್ಳಬೇಕೆಂಬುದನ್ನು ಅಷ್ಟಾಗಿ ಹೇಳಿಲ್ಲ. ಕೊಡಗಿನ ಸಂಪ್ರದಾಯದಲ್ಲಿ ಇದಕ್ಕೊಂದು ಉತ್ತರವಿದೆ. ಉಳುಮೆ, ನಾಟಿಯ ದಿನಗಳಲ್ಲಿ ಕೋವಿಯು ಕನ್ನಿಕೋಂಬರೆಯೆಂಬ ದೇವರ ಕೋಣೆಯಲ್ಲಿ ವಿಶ್ರಮಿಸುತ್ತಿತ್ತು. ನಾಟಿ ಮುಗಿದ ಮೇಲೆ, ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬದಂದು, ಅದನ್ನು ಒರೆಸಿ, 'ತೋಕ್ ಪೂ' ಮುಡಿಸಿ, ಪೂಜಿಸಿ ಹೊರತೆಗೆಯುತ್ತಿದ್ದರು. ಕೋವಿಗೆ ನಿಶ್ಚಿತ ಸ್ಥಳವಿತ್ತು, ಕಾಲವಿತ್ತು, ಹಿರಿಯರ ಕಣ್ಣಿತ್ತು.

ದೇಶದ ಕಾನೂನೂ ಈಗ ಇದನ್ನೇ ಬೇರೆ ಮಾತಿನಲ್ಲಿ ಕೇಳುತ್ತದೆ. 2016ರ ಆಯುಧ ನಿಯಮಗಳಂತೆ ಪರವಾನಗಿ ಬೇಡುವವನು ಸುರಕ್ಷಿತವಾಗಿ ಇಡುವೆನೆಂದು ಮುಚ್ಚಳಿಕೆ ಬರೆದುಕೊಡಬೇಕು. ಬೆಳೆ ಕಾಯಲೆಂದು ಬಂದೂಕು ಪಡೆದ ರೈತನಿಗೂ ಇದು ಸಲ್ಲುತ್ತದೆ.

ಅದರ ತಿರುಳು ಇಷ್ಟು. ಗುಂಡಿಲ್ಲವೆಂದು ಯಾರ ಮಾತನ್ನೂ ನಂಬದೆ, ನಳಿಗೆಯನ್ನು ನೆಲದತ್ತಲೋ ನಿರಪಾಯದ ಕಡೆಗೋ ತಿರುಗಿಸಿ, ಗುಂಡು ತುಂಬುವ ಗೂಡನ್ನು ತೆರೆದು ಕಣ್ಣಾರೆ ನೋಡಬೇಕು. ಕೋವಿಯನ್ನು ಬೀಗ ಹಾಕಿದ ಕಬ್ಬಿಣದ ಕಪಾಟಿನಲ್ಲಿಡಬೇಕು. ತೋಟಾಗಳು ಬೇರೆ ಕಡೆ, ಬೇರೆ ಬೀಗದಲ್ಲಿರಬೇಕು. ಕೀಲಿಕೈ ಪರವಾನಗಿದಾರನ ಬಳಿಯಲ್ಲಿಯೇ ಇರಬೇಕು. ಚರ್ಮದ ಚೀಲವು ತೇವ ಹೀರಿ ತುಕ್ಕು ತರುವುದರಿಂದ ಅದರಲ್ಲಿ ಬಹುಕಾಲ ಇಡದೆ, ತೆಳುವಾಗಿ ಎಣ್ಣೆ ಸವರಿಡಬೇಕು.

'ಖಾಲಿ' ಎಂದು ಗೋಡೆಗೆ ತೂಗುಹಾಕಿದ ಬಂದೂಕು ಮಕ್ಕಳ ಕೈಗೆ ಆಟಿಕೆಯಾಗುತ್ತದೆ. ಅದರೊಳಗೆ ಒಂದು ತೋಟಾ ಉಳಿದಿದ್ದರೆ ಎಳೆಯ ಜೀವವೊಂದು ಹೋಗಲು ಅಷ್ಟೇ ಸಾಕು. ಹಲಗಲಿಯವರು ತಮ್ಮ ಆಯುಧಕ್ಕಾಗಿ ಪ್ರಾಣವನ್ನೇ ತೆತ್ತರು. ಪರವಾನಗಿಯ ಬಂದೂಕು ಮನೆಯಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ನನ್ನ ಕೋರಿಕೆ ಬಹಳ ಚಿಕ್ಕದು: ಇಂದು ರಾತ್ರಿ ಮಲಗುವ ಮುನ್ನ ಆ ಬೀಗವನ್ನೊಮ್ಮೆ ಜಗ್ಗಿ ನೋಡಿರಿ.