ಒಳಗಿನಿಂದ ಹೊರಮೈಯನ್ನು ಓದುವುದು: ಒತ್ತಡ ಕೊಳವೆಗಳ ಶ್ರವಣಾತೀತ ತಪಾಸಣೆ

1983ರ ಆಗಸ್ಟ್ 1ರಂದು ಕೆನಡಾದ ಪಿಕರಿಂಗ್ ಅಣುವಿದ್ಯುತ್ ಸ್ಥಾವರದ 2ನೇ ಘಟಕದಲ್ಲಿ ಇಂಧನವನ್ನೂ ಬಿಸಿ ಭಾರಜಲವನ್ನೂ ಒಳಗಿಟ್ಟುಕೊಳ್ಳುವ ಒತ್ತಡ ಕೊಳವೆಗಳಲ್ಲೊಂದು, ಜಿ-16 ಎಂಬ ಗುರುತಿನದು, ಸುಮಾರು 2 ಮೀಟರ್ ಉದ್ದಕ್ಕೆ ಸೀಳಿತು. ರಿಯಾಕ್ಟರನ್ನು ಸುರಕ್ಷಿತವಾಗಿ ನಿಲ್ಲಿಸಲಾಯಿತು. ಆದರೆ ಇಂಥ ಕೊಳವೆ ಒಡೆಯುವ ಮೊದಲು ಸೋರಿ ಮುನ್ಸೂಚನೆ ಕೊಡುತ್ತದೆ ಎಂಬ ನಂಬಿಕೆ ಅಂದು ಕೈಕೊಟ್ಟಿತು. ಕೊಳವೆಯನ್ನು ಹೊರಗಿನ ಕಲ್ಯಾಂಡ್ರಿಯಾ ಕೊಳವೆಯಿಂದ ದೂರವಿಡುವ ಗಾರ್ಟರ್ ಸ್ಪ್ರಿಂಗುಗಳು ಜಾಗ ಬಿಟ್ಟು ಸರಿದಿದ್ದವು. ಬಿಸಿ ಕೊಳವೆ ಜಗ್ಗಿ ತಣ್ಣನೆಯ ಕೊಳವೆಗೆ ತಾಗಿತು. ಭಾರಜಲದಿಂದ ಲೋಹ ಹೀರಿಕೊಂಡಿದ್ದ ಡ್ಯೂಟೀರಿಯಂ ಆ ತಣ್ಣನೆಯ ಜಾಗಕ್ಕೆ ವಲಸೆ ಬಂದು, ಹೊರಮೈಯಲ್ಲಿ ಪೆಡಸು ಹೈಡ್ರೈಡ್ ಬೊಕ್ಕೆಗಳಾಗಿ ಕಟ್ಟಿಕೊಂಡಿತು. ಬಿರುಕು ಹುಟ್ಟಿದ್ದು ಅಲ್ಲಿ.

ಈ ಪ್ರಕರಣದಲ್ಲಿ ನನ್ನನ್ನು ಕಾಡುವ ಸಂಗತಿ ಒಂದೇ: ರೋಗ ಹೊರಮೈಯಲ್ಲಿ, ಪರೀಕ್ಷಕನಿಗೆ ದಾರಿ ಒಳಗಿನಿಂದ ಮಾತ್ರ.

ಈ ಇಕ್ಕಟ್ಟು ನಮ್ಮಲ್ಲೂ ಇದೆ. ಕರ್ನಾಟಕದ ಕೈಗಾ ಅಣುವಿದ್ಯುತ್ ಸ್ಥಾವರದಲ್ಲಿರುವ 220 ಮೆಗಾವ್ಯಾಟ್‌ನ ನಾಲ್ಕು ಘಟಕಗಳಲ್ಲಿ ತಲಾ 306 ಶೀತಕ ನಾಳಗಳಿವೆ, ಒಟ್ಟು 1,224; ನಾಳಕ್ಕೊಂದು ಒತ್ತಡ ಕೊಳವೆ. ಪಿಕರಿಂಗ್‌ನಲ್ಲಿ ಸೀಳಿದ ಕೊಳವೆ ಜಿರ್ಕಲಾಯ್-2ರದ್ದು. ಕೈಗಾದ ಕೊಳವೆಗಳು ಶೇ. 2.5 ನಿಯೋಬಿಯಂ ಸೇರಿಸಿದ ಜಿರ್ಕೋನಿಯಂನವು. ಈ ಮಿಶ್ರಲೋಹ ಡ್ಯೂಟೀರಿಯಂ ಹೀರುವುದು ಕಡಿಮೆ. ಒಳವ್ಯಾಸ 83 ಮಿ.ಮೀ.ಗಿಂತ ತುಸು ಕಡಿಮೆ, ಗೋಡೆಯ ದಪ್ಪ ಸುಮಾರು ಮೂರೂವರೆ ಮಿ.ಮೀ. ಐದು ಮೀಟರಿಗೂ ಮೀರಿದ ಈ ಇಕ್ಕಟ್ಟಿನೊಳಗೆ ಪ್ರೋಬ್‌ಗಳನ್ನು ಹೊತ್ತ ತಲೆಯೊಂದು ತಿರುಗುತ್ತ ಮುಂದೆ ಸರಿಯಬೇಕು. ಭಾಭಾ ಅಣು ಸಂಶೋಧನಾ ಕೇಂದ್ರ ಇದಕ್ಕೆಂದೇ ರೂಪಿಸಿದ ಸಾಧನ ಬಾರ್ಸಿಸ್.

ಅದರ ಪ್ರೋಬ್ ಹೊರಡಿಸುವ ಒಂದು ಶ್ರವಣಾತೀತ ಸ್ಪಂದನದ ಪಯಣವನ್ನು ಹತ್ತಿರದಿಂದ ನೋಡೋಣ. ಪ್ರೋಬ್‌ನಿಂದ ಗೋಡೆಗೆ 10 ಮಿ.ಮೀ. ಭಾರಜಲವಿದೆ ಎಂದುಕೊಳ್ಳಿ. ಅದರಲ್ಲಿ ಶಬ್ದವೇಗ ಸೆಕೆಂಡಿಗೆ ಸುಮಾರು 1,400 ಮೀ. ಹೋಗಿ ಬರಲು 14 ಮೈಕ್ರೋಸೆಕೆಂಡ್ ಬೇಕು. ಲೋಹದಲ್ಲಿ ನೀಳ ತರಂಗದ ವೇಗ ಸುಮಾರು 4,700 ಮೀ. ಹೀಗಾಗಿ ಗೋಡೆಯನ್ನು ದಾಟಿ ಮರಳುವುದಕ್ಕೆ ಒಂದೂವರೆ ಮೈಕ್ರೋಸೆಕೆಂಡ್ ಸಾಕು. ಗೋಡೆಯ ದಪ್ಪವೆಲ್ಲ ಈ ಪುಟ್ಟ ಅವಧಿಯಲ್ಲಿ ಅಡಗಿದೆ. ಬಿರುಕು ಹುಡುಕಲು ತರಂಗ ಓರೆಯಾಗಿ ನುಗ್ಗಬೇಕು. ಪತನ ಕೋನ 17 ಡಿಗ್ರಿ ಮೀರಿದರೆ ನೀಳ ತರಂಗ ಲೋಹದೊಳಕ್ಕೆ ಹೋಗುವುದೇ ಇಲ್ಲ, ಅಡ್ಡ ತರಂಗ ಮಾತ್ರ ಉಳಿಯುತ್ತದೆ. ಸುಮಾರು 25 ಡಿಗ್ರಿಯಲ್ಲಿ ಬಿಟ್ಟರೆ ಅದು ಗೋಡೆಯಲ್ಲಿ 45 ಡಿಗ್ರಿಗೆ ಬಾಗಿ, ಹೊರಮೈಯೂ ಬಿರುಕೂ ಕೂಡುವ ಮೂಲೆಗೆ ಬಡಿದು ಹಿಂದಿರುಗುತ್ತದೆ. ಭಾರಜಲದ ಉಷ್ಣತೆ ಬದಲಾದರೆ ಶಬ್ದವೇಗವೂ ಅದರೊಂದಿಗೆ ಈ ಕೋನವೂ ಜರುಗುತ್ತವೆ. ಮಾಪನಾಂಕನ ಮಾಡಿದಾಗಿನ ಉಷ್ಣತೆಯನ್ನು ಬರೆದಿಡಬೇಕಾದ್ದು ಇದಕ್ಕಾಗಿ.

ಬಿರುಕು ಕೂಗಿಗೆ ಓಗೊಡುತ್ತದೆ. ಲೋಹ ಮುಗಿದು ಅನಿಲ ಶುರುವಾಗುವಲ್ಲಿ ಶಬ್ದ ಹೆಚ್ಚುಕಡಿಮೆ ಪೂರ್ತಿ ಮರಳಿಬಿಡುತ್ತದೆ. ಬೊಕ್ಕೆಯ ರೀತಿ ಬೇರೆ. ಇನ್ನೂ ಬಿರುಕು ಬಿಡದ ಹೈಡ್ರೈಡ್ ಬೊಕ್ಕೆ ತನ್ನ ಸುತ್ತಲಿನ ಲೋಹಕ್ಕೆ ಅಂಟಿಕೊಂಡೇ ಇರುತ್ತದೆ. ಎರಡರ ಶಬ್ದ ಪ್ರತಿರೋಧದಲ್ಲಿ ಅಂತರ ಕಡಿಮೆಯಾದ್ದರಿಂದ ಪ್ರತಿಧ್ವನಿ ಕ್ಷೀಣ. ಪಿಕರಿಂಗ್‌ನಲ್ಲಿ ಮೂಲವಾಗಿದ್ದ ದೋಷ, ಬಲಿಯುವ ಮುನ್ನ, ಪ್ರತಿಧ್ವನಿಗೆ ಸುಲಭವಾಗಿ ಸಿಗದ ಜಾತಿಯದು. ನೀಳ ಮತ್ತು ಅಡ್ಡ ತರಂಗಗಳ ವೇಗದ ಅನುಪಾತವನ್ನು ಅಳೆದು ಬೊಕ್ಕೆಯನ್ನು ಗುರುತಿಸುವ ವಿಧಾನ ಬೆಳೆದದ್ದು ಈ ಕೊರತೆಯಿಂದಲೇ.

ಆದ್ದರಿಂದ ಬೊಕ್ಕೆಗಿಂತ ಮೊದಲು ಅದು ಹುಟ್ಟುವ ಸಂದರ್ಭವನ್ನು ಹುಡುಕಬೇಕೆಂಬುದು ನನ್ನ ವಾದ. ಸ್ಪ್ರಿಂಗ್ ಎಲ್ಲಿದೆ, ಎರಡು ಕೊಳವೆಗಳ ನಡುವೆ ತೆರಪು ಎಷ್ಟಿದೆ ಎಂಬುದನ್ನು ಸುಳಿ ವಿದ್ಯುತ್ ಪ್ರೋಬ್ ಹೇಳುತ್ತದೆ. ಕೊಳವೆ ಎಷ್ಟು ಜಗ್ಗಿದೆ ಎಂಬುದು ಓರೆಮಾಪಕದಿಂದ ತಿಳಿಯುತ್ತದೆ. ಬಾರ್ಸಿಸ್ ಶ್ರವಣಾತೀತ ಪ್ರೋಬ್‌ಗಳ ಜೊತೆಗೆ ಇವನ್ನೂ ಹೊತ್ತೊಯ್ಯುವುದು ಅತ್ಯಂತ ಸರಿಯಾದ ಏರ್ಪಾಡು. 'ದೋಷಸೂಚನೆ ಇಲ್ಲ' ಎಂಬ ಒಂದು ಸಾಲಿನ ವರದಿಯನ್ನು ಸ್ಪ್ರಿಂಗ್ ಸ್ಥಾನ ಮತ್ತು ತೆರಪಿನ ಅಂಕಿಗಳಿಲ್ಲದೆ ಒಪ್ಪಲೇಬಾರದು.

ಒತ್ತಡ ಕೊಳವೆಯ ಈ ರಿಯಾಕ್ಟರುಗಳಿಗೆ ಓಡುತ್ತಿರುವಾಗಲೇ ಇಂಧನ ತುಂಬಬಹುದು, ಅದಕ್ಕಾಗಿ ನಿಲ್ಲಿಸಬೇಕಿಲ್ಲ. ಕೈಗಾ 1ನೇ ಘಟಕ 2018ರ ಡಿಸೆಂಬರ್ 31ಕ್ಕೆ ಕೊನೆಗೊಂಡ ಓಟದಲ್ಲಿ 962 ದಿನ ನಿಲ್ಲದೆ ನಡೆದು ಆಗಿನ ವಿಶ್ವದಾಖಲೆ ಮಾಡಿತು. ಕೊಳವೆಯ ಒಳಗನ್ನು ನೋಡುವುದಕ್ಕೆ ಮಾತ್ರ ಘಟಕ ನಿಲ್ಲಲೇಬೇಕು. ನಿಂತ ಆ ಕೆಲವು ದಿನಗಳಲ್ಲಿ 306 ನಾಳಗಳ ಪೈಕಿ ಯಾವುವಕ್ಕೆ ಪ್ರೋಬ್ ಇಳಿಸಬೇಕೆಂಬ ಪಟ್ಟಿಯನ್ನು, ಹಿಂದಿನ ತಪಾಸಣೆಯ ತೆರಪಿನ ಅಂಕಿಗಳನ್ನು ಮುಂದಿಟ್ಟುಕೊಂಡೇ ಬರೆಯಬೇಕು.