ಮನೆಯಲ್ಲಿ ಕೋವಿ, ಪಿಸ್ತೂಲು ಇದ್ದವರ ಗಮನಕ್ಕೆ: ಪರವಾನಗಿ, ಗಡಿ ದಾಟುವಿಕೆ, ಸುರಕ್ಷತೆ

ಚುನಾವಣೆ ಘೋಷಣೆಯಾದಾಗಲೆಲ್ಲ ಸಂಘದ ಕಚೇರಿಗೆ ಒಂದೇ ಬಗೆಯ ಪ್ರಶ್ನೆಗಳು ಬರುತ್ತವೆ. ಕೋವಿಯನ್ನು ಠಾಣೆಗೆ ಕೊಡಲೇಬೇಕೇ? ಅಪ್ಪ ತೀರಿಕೊಂಡರು, ಅವರ ಹೆಸರಿನ ಕೋವಿಯನ್ನು ಏನು ಮಾಡುವುದು? ಪಿಸ್ತೂಲನ್ನು ಮಂಗಳೂರಿಗೆ ಕೊಂಡುಹೋಗಬಹುದೇ? ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿ ಉತ್ತರಿಸುವ ಬದಲು ಎಲ್ಲವನ್ನೂ ಒಂದೆಡೆ ಬರೆದಿಡುವುದು ಒಳಿತೆಂದು ಕಾರ್ಯಕಾರಿ ಸಮಿತಿಯಲ್ಲಿ ತೀರ್ಮಾನವಾದ ಪ್ರಕಾರ ಈ ಬರಹ. ಕಾನೂನಿನ ವಿಷಯಗಳ ಜೊತೆಗೆ ನಮ್ಮ ಅಭಿಪ್ರಾಯಗಳೂ ಇವೆ. ಅಭಿಪ್ರಾಯ ಇರುವಲ್ಲಿ ಹಾಗೆಂದೇ ಹೇಳಿದ್ದೇವೆ.

ಎಣ್ಮಕಜೆ, ಬದಿಯಡ್ಕ, ಕುಂಬ್ಡಾಜೆ, ಬೆಳ್ಳೂರು, ಕಾರಡ್ಕ, ದೇಲಂಪಾಡಿ ಕಡೆಯ ತೋಟದ ಮನೆಗಳಲ್ಲಿ ಕೋವಿ ಹೊಸ ವಸ್ತುವೇನಲ್ಲ. ಅಡಿಕೆ, ತೆಂಗು, ಗದ್ದೆ ಇದ್ದಲ್ಲಿ ಹಂದಿಯ ಕಾಟ ಇದ್ದೇ ಇದೆ. ಪೇಟೆಯ ಕೆಲವು ವ್ಯಾಪಾರಿಗಳು ಆತ್ಮರಕ್ಷಣೆಗೆಂದು ರಿವಾಲ್ವರ್ ಅಥವಾ ಪಿಸ್ತೂಲು ಇಟ್ಟುಕೊಳ್ಳುವುದೂ ಉಂಟು. ಎರಡಕ್ಕೂ ಕಾನೂನು ಒಂದೇ: 1959ರ ಆಯುಧ ಕಾಯ್ದೆ ಮತ್ತು 2016ರ ಆಯುಧ ನಿಯಮಗಳು.

ಪರವಾನಗಿಯ ಮುಖ್ಯ ಅಂಶಗಳು

1. ಅರ್ಜಿದಾರರಿಗೆ 21 ವರ್ಷ ತುಂಬಿರಬೇಕು. ಪರವಾನಗಿ ಕೊಡುವವರು ಜಿಲ್ಲಾ ದಂಡಾಧಿಕಾರಿ, ಅಂದರೆ ನಮ್ಮಲ್ಲಿ ವಿದ್ಯಾನಗರದ ಕಲೆಕ್ಟರೇಟು. ಪೊಲೀಸ್ ವರದಿ, ವೈದ್ಯಕೀಯ ಪ್ರಮಾಣಪತ್ರ, ಆಯುಧ ಬಳಕೆಯ ಸುರಕ್ಷತಾ ತರಬೇತಿ, ಮನೆಯಲ್ಲಿ ಭದ್ರವಾಗಿ ಇಡುತ್ತೇವೆಂಬ ಮುಚ್ಚಳಿಕೆ ಬೇಕಾಗುತ್ತವೆ.

2. ಬೆಳೆ ರಕ್ಷಣೆಗೆ ಮದ್ದು ತುಂಬುವ ಕೇಪಿನ ಕೋವಿಗೆ ಕಾಯ್ದೆಯ 13ನೇ ಸೆಕ್ಷನ್ನಿನಲ್ಲಿಯೇ ಅವಕಾಶವಿದೆ. ಅದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ತೋಟೆ ಕೋವಿಗೂ ಅನುಮತಿ ಕೊಡಬಹುದು. ಸಾಕಷ್ಟು ಆಸ್ತಿ ಇಲ್ಲ ಎಂಬ ಒಂದೇ ಕಾರಣಕ್ಕೆ ಅರ್ಜಿ ತಿರಸ್ಕರಿಸುವಂತಿಲ್ಲ. ತಿರಸ್ಕರಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ದಾಖಲಿಸಬೇಕು. ಮೇಲ್ಮನವಿಗೂ ಹಾದಿ ಇದೆ. ಬಾಯಿಮಾತಿನ "ಆಗುವುದಿಲ್ಲ" ಕೇಳಿ ಹಿಂದೆ ಬರಬೇಡಿ.

3. 2019ರ ತಿದ್ದುಪಡಿಯ ನಂತರ ಒಬ್ಬರು ಎರಡಕ್ಕಿಂತ ಹೆಚ್ಚು ಆಯುಧ ಇಟ್ಟುಕೊಳ್ಳುವಂತಿಲ್ಲ. ಮೊದಲು ಮೂರಕ್ಕೆ ಅವಕಾಶವಿತ್ತು. ಪರವಾನಗಿಯ ಅವಧಿ 3 ವರ್ಷದಿಂದ 5 ವರ್ಷಕ್ಕೆ ಏರಿದೆ. ಐದು ವರ್ಷವೆಂದರೆ ಮರೆತುಹೋಗುವಷ್ಟು ದೀರ್ಘ ಅವಧಿ. ಮುಕ್ತಾಯದ ದಿನವನ್ನು ಮನೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟು ಎರಡು ತಿಂಗಳಿಗೂ ಮೊದಲೇ ನವೀಕರಣಕ್ಕೆ ಅರ್ಜಿ ಹಾಕಿ.

4. ಪಿಸ್ತೂಲು, ರಿವಾಲ್ವರುಗಳಲ್ಲಿ ಸಾಮಾನ್ಯ ನಾಗರಿಕರಿಗೆ ಸಿಗುವುದು ಹೆಚ್ಚಾಗಿ .32 ಬೋರಿನದು. 9 ಎಂ.ಎಂ. ಮುಂತಾದವು ನಿಷೇಧಿತ ಬೋರುಗಳು. "ಅಗ್ಗಕ್ಕೆ ಸಿಗುತ್ತದೆ, ಕಾಗದ ಆಮೇಲೆ ಮಾಡಿಸಿಕೊಡುತ್ತೇನೆ" ಎನ್ನುವವರ ಮಾತಿಗೆ ಮರುಳಾದರೆ ಜೈಲು ಖಚಿತ.

5. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲಿ ಕನ್ನಡ ಅಲ್ಪಸಂಖ್ಯಾತರು ಸರಕಾರದೊಡನೆ ಕನ್ನಡದಲ್ಲಿ ಪತ್ರವ್ಯವಹಾರ ಮಾಡಲು ಅವಕಾಶವಿದೆ. ಅರ್ಜಿಯ ನಮೂನೆ ಇಂಗ್ಲಿಷಿನಲ್ಲಿದ್ದರೂ ಜೊತೆಗೆ ಕೊಡುವ ವಿವರಣೆ, ಹಂದಿಯಿಂದಾದ ನಷ್ಟದ ಹೇಳಿಕೆಗಳನ್ನು ಕನ್ನಡದಲ್ಲಿ ಬರೆಯಬಹುದು. ಅರ್ಥವಾಗದ ಕಾಗದಕ್ಕೆ ಸಹಿ ಹಾಕಬೇಡಿ. ಸಂಘದ ಕಚೇರಿಗೆ ತಂದರೆ ಓದಿ ಹೇಳುತ್ತೇವೆ.

ಗಡಿ ದಾಟುವಾಗ

ನಮ್ಮ ಸದಸ್ಯರಿಗೆ ತಲಪಾಡಿಯಾಗಲಿ ಅಡ್ಕಸ್ಥಳವಾಗಲಿ ಗಡಿ ಎಂದೇ ಅನಿಸುವುದಿಲ್ಲ. ಮದುವೆ, ಆಸ್ಪತ್ರೆ, ಅಡಿಕೆ ಮಾರಾಟ ಎಲ್ಲವೂ ಆಚೆಗೇ. ಆದರೆ ಪರವಾನಗಿಯಲ್ಲಿ "ಪ್ರದೇಶ" ಎಂಬ ಒಂದು ಕಾಲಂ ಇದೆ. ಅದರಲ್ಲಿ ಜಿಲ್ಲೆ ಅಥವಾ ಕೇರಳ ರಾಜ್ಯ ಎಂದು ಮಾತ್ರ ಇದ್ದರೆ ತಲಪಾಡಿ ದಾಟಿದ ಕೂಡಲೇ ನಿಮ್ಮ ಕೈಯಲ್ಲಿರುವುದು ಪರವಾನಗಿಯಿಲ್ಲದ ಆಯುಧ. ಕಾರಿನ ಡ್ಯಾಷ್‌ಬೋರ್ಡಿನಲ್ಲಿ ಪಿಸ್ತೂಲು ಇದೆ ಎಂಬುದು ನೆನಪಿಲ್ಲದೆ ಮಂಗಳೂರಿಗೆ ಹೋದೆ ಎಂದರೆ ತಪಾಸಣೆಯಲ್ಲಿ ಕೇಳುವವರಿಲ್ಲ. ಕರ್ನಾಟಕದಲ್ಲಿ ನಿಜವಾಗಿ ಅಗತ್ಯವಿರುವವರು ಕಾರಣ ಕೊಟ್ಟು ಪ್ರದೇಶ ವಿಸ್ತರಣೆಗೆ ಅರ್ಜಿ ಹಾಕಬೇಕು. ಉಳಿದವರು ಹೊರಡುವ ಮೊದಲು ಆಯುಧವನ್ನು ಮನೆಯ ಕಪಾಟಿನಲ್ಲಿಟ್ಟು ಬೀಗ ಹಾಕಲಿ.

ಕೊಡಗಿನ ಉದಾಹರಣೆಯನ್ನು ಕೆಲವರು ಕೊಡುತ್ತಾರೆ. ಅಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು ಕೇಂದ್ರ ಸರಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿದೆ. ಅದು ಅವರಿಗೆ ಇರುವ ವಿಶೇಷ ಆದೇಶ. ಪಾಣತ್ತೂರಿನ ಆಚೆ ನೆಂಟರಿದ್ದಾರೆಂದು ನಮಗೆ ಅನ್ವಯಿಸುವುದಿಲ್ಲ.

ಗಲ್ಫಿಗೆ ಹೋಗಿ ಬರುವ ಮನೆಯವರಿಗೆ ಇನ್ನೊಂದು ಎಚ್ಚರಿಕೆ. ಆಯುಧಕ್ಕೋ ತೋಟೆಗೋ ಒಮ್ಮೆ ಬಳಸಿದ ಚೀಲವನ್ನು ಮತ್ತೆ ಪ್ರಯಾಣಕ್ಕೆ ಬಳಸಬೇಡಿ. ಚೀಲದ ಮೂಲೆಯಲ್ಲಿ ಉಳಿದ ಒಂದೇ ಒಂದು ತೋಟೆ ವಿಮಾನ ನಿಲ್ದಾಣದ ಎಕ್ಸ್-ರೇಯಲ್ಲಿ ಕಾಣಿಸಿಕೊಂಡರೆ ವಿಮಾನ ತಪ್ಪುತ್ತದೆ, ಕೇಸು ಆಗುತ್ತದೆ, ವೀಸಾ ಅವಧಿಯೂ ಕೈಬಿಟ್ಟು ಹೋಗಬಹುದು. ಅರಿವಿಲ್ಲದೆ ಇತ್ತು ಎಂಬುದು ನ್ಯಾಯಾಲಯದಲ್ಲಿ ಮಾನ್ಯವಾಗಬಹುದು. ಅಲ್ಲಿಯವರೆಗೆ ಅಲೆದಾಟ ಮಾತ್ರ ನಿಮ್ಮದೇ.

ಚುನಾವಣೆಯ ಠೇವಣಿ

ಚುನಾವಣಾ ಆಯೋಗದ ಸೂಚನೆಯಂತೆ ಜಿಲ್ಲಾ ಮಟ್ಟದ ಪರಿಶೀಲನಾ ಸಮಿತಿ ಪರವಾನಗಿದಾರರ ಪಟ್ಟಿಯನ್ನು ನೋಡಿ, ಯಾರು ಆಯುಧ ಠೇವಣಿ ಇಡಬೇಕೆಂದು ತೀರ್ಮಾನಿಸಬೇಕು. ಫಲಿತಾಂಶ ಬಂದು ಒಂದು ವಾರದ ಬಳಿಕ ಆಯುಧವನ್ನು ಹಿಂದಿರುಗಿಸಬೇಕು. 2024ರ ಲೋಕಸಭಾ ಚುನಾವಣೆ ಮಾರ್ಚ್ 16ರಂದು ಘೋಷಣೆಯಾಯಿತು, ಫಲಿತಾಂಶ ಬಂದದ್ದು ಜೂನ್ 4ರಂದು. ಘೋಷಣೆಯಾದ ಕೂಡಲೇ ಠೇವಣಿ ಇಟ್ಟವರ ತೋಟಕ್ಕೆ ಸುಮಾರು ಮೂರು ತಿಂಗಳು ಕೋವಿ ಇಲ್ಲ. ಕೃಷಿಕರ ಅಸಮಾಧಾನ ನ್ಯಾಯವಾದುದೇ ಎಂಬುದು ನಮ್ಮ ಅಭಿಪ್ರಾಯ. ಯಾವ ಕೇಸೂ ಇಲ್ಲದ ಎಪ್ಪತ್ತರ ಹಿರಿಯರನ್ನೂ ಗಲಭೆಯ ಆರೋಪಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಆದರೂ ಆದೇಶ ಬಂದ ಮೇಲೆ ಕೋವಿ ಅಡಗಿಸಿಡುವುದು ದಾರಿಯಲ್ಲ. ಬೆಳೆಹಾನಿಯ ದಾಖಲೆಯೊಂದಿಗೆ ವಿನಾಯಿತಿಗೆ ಮನವಿ ಸಲ್ಲಿಸಿ. ಸಿಗದಿದ್ದರೆ ಠೇವಣಿ ಇಟ್ಟು ರಶೀದಿ ಪಡೆಯಿರಿ. ರಶೀದಿಯಲ್ಲಿ ಕೋವಿಯ ನಂಬ್ರ, ತೋಟೆಗಳ ಲೆಕ್ಕ, ಕೋವಿಯ ಸ್ಥಿತಿ ಮೂರೂ ಇರಲಿ. ಕೊಡುವ ಮೊದಲು ಎಣ್ಣೆ ಹಚ್ಚಿ, ಒಂದು ಫೋಟೋ ತೆಗೆದಿಡಿ.

ಹಂದಿ ಹೊಡೆಯುವ ವಿಚಾರ

ಬೆಳೆ ರಕ್ಷಣೆಯ ಪರವಾನಗಿ ಇದೆ ಎಂದ ಮಾತ್ರಕ್ಕೆ ಕಾಡುಹಂದಿಯನ್ನು ಕೊಲ್ಲಲು ಅನುಮತಿ ಇದೆ ಎಂದಲ್ಲ. ಹಂದಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. 2022ರ ಮೇ ತಿಂಗಳಲ್ಲಿ ಕೇರಳ ಸರಕಾರ ಸ್ಥಳೀಯಾಡಳಿತ ಸಂಸ್ಥೆಗಳ ಅಧ್ಯಕ್ಷರಿಗೆ ಗೌರವ ವನ್ಯಜೀವಿ ವಾರ್ಡನ್ ಅಧಿಕಾರ ಕೊಡಲು ತೀರ್ಮಾನಿಸಿತು. ಹಾನಿ ಮಾಡುವ ಹಂದಿಯನ್ನು ಪರವಾನಗಿದಾರರಿಂದ ಹೊಡೆಸಲು ಅವರು ಆದೇಶ ಕೊಡಬಹುದು. ವಿಷ, ಸ್ಫೋಟಕ, ವಿದ್ಯುತ್ ತಂತಿ ಬಳಸುವಂತಿಲ್ಲ. ಇಂಥ ಅಧಿಕಾರಗಳಿಗೆ ಅವಧಿ ಇರುವುದರಿಂದ ಮೊದಲು ಪಂಚಾಯತಿನಲ್ಲಿ ವಿಚಾರಿಸಿ, ಆದೇಶ ಕೈಗೆ ಬಂದ ಮೇಲೆಯೇ ಹೊರಡಿ. ಹಂದಿ ಗಡಿ ದಾಟಿ ಕರ್ನಾಟಕದ ತೋಟಕ್ಕೆ ಹೋದರೆ ಅಲ್ಲಿಗೆ ಬಿಡಿ. ನಮ್ಮ ಪಂಚಾಯತಿನ ಆದೇಶ ಅಲ್ಲಿ ನಡೆಯುವುದಿಲ್ಲ.

ರಾತ್ರಿ ಶಬ್ದ ಕೇಳಿ ಗುಂಡು ಹೊಡೆಯುವುದು ಮಹಾ ಅಪಾಯ. ರಬ್ಬರು ಟ್ಯಾಪಿಂಗಿನವರು ಬೆಳಗಿನ ಜಾವ ನಾಲ್ಕು ಗಂಟೆಗೇ ತಲೆಗೆ ಲೈಟು ಕಟ್ಟಿಕೊಂಡು ತೋಟದಲ್ಲಿರುತ್ತಾರೆ. ಗುರಿಯನ್ನು ಕಣ್ಣಾರೆ ಕಂಡು, ಅದರ ಹಿಂದೆ ಏನಿದೆ ಎಂದು ತಿಳಿದ ಮೇಲೆಯೇ ಟ್ರಿಗರಿಗೆ ಬೆರಳು. ಮುರಕಲ್ಲಿನ ಗೋಡೆಗೆ, ಬಂಡೆಗೆ ತಾಗಿದ ಗುಂಡು ಎತ್ತ ಚಿಮ್ಮುತ್ತದೆಂದು ಹೇಳಲಾಗದು.

ಪಿಸ್ತೂಲು ಇಟ್ಟುಕೊಳ್ಳುವವರಿಗೆ

ನಮ್ಮ ಅಭಿಪ್ರಾಯವನ್ನು ನೇರವಾಗಿ ಹೇಳುತ್ತೇವೆ: ನಮ್ಮ ಸದಸ್ಯರಲ್ಲಿ ಬಹುಪಾಲು ಜನರಿಗೆ ಪಿಸ್ತೂಲಿನ ಅಗತ್ಯವಿಲ್ಲ. ಕೋವಿಯನ್ನು ಎಲ್ಲಿಟ್ಟರೂ ಕಾಣುತ್ತದೆ. ಪಿಸ್ತೂಲು ಚೀಲದಲ್ಲಿ, ದಿಂಬಿನಡಿಯಲ್ಲಿ, ಕಾರಿನಲ್ಲಿ ಮರೆತುಹೋಗುತ್ತದೆ. ಹಣ ಸಾಗಿಸುವ ಭಯವಿದ್ದವರಿಗೆ ಬ್ಯಾಂಕಿನ ಮೂಲಕ ವ್ಯವಹಾರ, ಜೊತೆಗೊಬ್ಬರು, ದಿನಕ್ಕೊಂದು ಹೊತ್ತು, ಬೇರೆ ಬೇರೆ ದಾರಿ ಇವು ಹೆಚ್ಚು ಉಪಯೋಗಕ್ಕೆ ಬರುತ್ತವೆ. ಆದರೂ ಬೇಕೆನ್ನುವವರು ಇವನ್ನು ಪಾಲಿಸಬೇಕು:

— ಸಾರ್ವಜನಿಕ ಸ್ಥಳದಲ್ಲಿ ಹೋಲ್ಸ್ಟರಿನಲ್ಲಿ, ಪೂರ್ತಿ ಮುಚ್ಚಿದಂತೆ, ಸ್ವಂತ ಹತೋಟಿಯಲ್ಲಿ ಇರಬೇಕು. ಸೊಂಟಕ್ಕೆ ಸಿಕ್ಕಿಸಿಕೊಂಡು ತೋರಿಸುವುದು ಬೇಡ. ಮೂಲ ಪರವಾನಗಿ ಜೊತೆಯಲ್ಲಿರಲಿ.

— ಮದುವೆ, ಜಾತ್ರೆ, ಕೋಲ, ಬಯಲಾಟಕ್ಕೆ ಆಯುಧ ತರಬೇಡಿ. ಸಂಭ್ರಮಕ್ಕೆಂದು ಅಜಾಗರೂಕತೆಯಿಂದ ಗುಂಡು ಹಾರಿಸಿದರೆ 2019ರ ತಿದ್ದುಪಡಿಯಂತೆ 2 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಸಂಘದ ಕಾರ್ಯಕ್ರಮಗಳಿಗೂ ಇದೇ ವಿನಂತಿ.

— ಒಂದು ತೊಟ್ಟು ಮದ್ಯ ಸೇವಿಸುವ ದಿನವೂ ಆಯುಧ ಕಪಾಟಿನಲ್ಲೇ ಇರಲಿ.

— ಖಾಲಿ ಮಾಡುವಾಗ ಕ್ರಮ ತಪ್ಪಬಾರದು. ಮೊದಲು ಮ್ಯಾಗಜಿನ್ ತೆಗೆಯಿರಿ, ಆಮೇಲೆ ಸ್ಲೈಡ್ ಎಳೆದು ಚೇಂಬರಿನಲ್ಲಿ ಕಣ್ಣಿಟ್ಟು ನೋಡಿ. ಮ್ಯಾಗಜಿನ್ ತೆಗೆದರೂ ಚೇಂಬರಿನಲ್ಲಿ ಒಂದು ಗುಂಡು ಉಳಿದಿರಬಹುದು. ರಿವಾಲ್ವರಾದರೆ ಸಿಲಿಂಡರ್ ತೆರೆದು ಪ್ರತಿಯೊಂದು ಕೋಣೆಯನ್ನೂ ಎಣಿಸಿ.

— ಆತ್ಮರಕ್ಷಣೆಯ ಹಕ್ಕು ಈಗ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಸೆಕ್ಷನ್‌ಗಳಲ್ಲಿದೆ. ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ. ಪೊಲೀಸರ ರಕ್ಷಣೆ ಪಡೆಯಲು ಸಮಯವಿದ್ದಲ್ಲಿ ಈ ಹಕ್ಕು ಇಲ್ಲ. ಜಾಗದ ತಕರಾರು, ದಾರಿ ಜಗಳದಲ್ಲಿ ಪಿಸ್ತೂಲು ತೋರಿಸಿದವರು ತಾವೇ ಆರೋಪಿಗಳಾಗುತ್ತಾರೆ.

ಮನೆಯಲ್ಲಿ ಇಡುವ ಬಗೆ

ಕೋವಿಗೊಂದು ಬೀಗ, ತೋಟೆಗೆ ಬೇರೆ ಕಡೆ ಇನ್ನೊಂದು ಬೀಗ. ಕೀಲಿ ಪರವಾನಗಿದಾರರ ಕೈಯಲ್ಲಿ. ಕೇಪಿನ ಕೋವಿಯಲ್ಲಿ ಕೇಪು ತೆಗೆದ ಮಾತ್ರಕ್ಕೆ ಅದು ಖಾಲಿಯಾಗುವುದಿಲ್ಲ, ನಳಿಗೆಯಲ್ಲಿ ಮದ್ದು ಇದ್ದೇ ಇರುತ್ತದೆ. ತುಂಬಿದ ಕೋವಿಯನ್ನು ಮನೆಯೊಳಗೆ ತರಲೇಬೇಡಿ. ಆಯುಧ ಪೂಜೆಯ ದಿನ ದೇವರ ಮುಂದಿಡುವ ಮೊದಲು ಹಿರಿಯರಿಬ್ಬರು ಪರೀಕ್ಷಿಸಿ ನೋಡಲಿ. ಅಂದು ಮನೆ ತುಂಬ ಮಕ್ಕಳಿರುತ್ತಾರೆ.

ನಮ್ಮ ಮಳೆಗಾಲ ಕಬ್ಬಿಣಕ್ಕೆ ಶತ್ರು. ಬಟ್ಟೆಯ ಚೀಲದಲ್ಲಿ ಸುತ್ತಿಟ್ಟರೆ ತೇವ ಹಿಡಿಯುತ್ತದೆ. ತೆಂಗಿನೆಣ್ಣೆ ಕಾಲಕ್ರಮೇಣ ಅಂಟಾಗುತ್ತದೆ, ಆದ್ದರಿಂದ ಕೋವಿಗೆಂದೇ ಸಿಗುವ ಎಣ್ಣೆ ಬಳಸಿ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಹದಿನೈದು ದಿನಕ್ಕೊಮ್ಮೆ ತೆಗೆದು ಒರೆಸಿ. ತುಕ್ಕು ಹಿಡಿದ ಹಳೆಯ ನಳಿಗೆಯಲ್ಲಿ ಗುಂಡು ಹೊಡೆದರೆ ಸಿಡಿದು ಕೈ ಹೋಗಬಹುದು.

ಇನ್ನೊಂದು ಮಾತನ್ನು ಸಂಕೋಚವಿಲ್ಲದೆ ಬರೆಯಬೇಕು. ಮನೆಯಲ್ಲಿ ಯಾರಾದರೂ ಸಾಲ, ಕಾಯಿಲೆ, ಜಗಳಗಳಿಂದ ಮನಸ್ಸು ಕೆಟ್ಟು ಮಾತು ಬಿಟ್ಟು ಕುಳಿತಿದ್ದರೆ ಆ ದಿನವೇ ಆಯುಧವನ್ನು ಠಾಣೆಯಲ್ಲಿ ಅಥವಾ ಪರವಾನಗಿ ಇರುವ ಆಯುಧ ವ್ಯಾಪಾರಿಯಲ್ಲಿ ಠೇವಣಿ ಇಡಿ. ಕಾರಣ ಯಾರಿಗೂ ವಿವರಿಸಬೇಕಿಲ್ಲ, ಊರಿಗೆ ಹೋಗುತ್ತೇವೆ ಎಂದರೂ ಸಾಕು. ಮರಳಿ ತರುವುದು ಸುಲಭ. ಉಳಿದದ್ದನ್ನು ಮರಳಿ ತರಲಾಗದು.

ಪರವಾನಗಿದಾರರು ತೀರಿಕೊಂಡರೆ

ಸಂಘದ ಹಿರಿಯ ಸದಸ್ಯರೊಬ್ಬರು ತೀರಿಕೊಂಡಾಗ ಮಕ್ಕಳಿಬ್ಬರೂ ಪರವೂರಿನಲ್ಲಿದ್ದರು. ಉತ್ತರಕ್ರಿಯೆ ಮುಗಿಸಿ ಹಿಂದೆ ಹೋದರು. ಅಟ್ಟದಲ್ಲಿದ್ದ ಕೋವಿಯ ನೆನಪು ಯಾರಿಗೂ ಬರಲಿಲ್ಲ. ನವೀಕರಣದ ಅವಧಿ ಮುಗಿದು ವಿಚಾರಣೆಗೆ ಬಂದಾಗ ಉತ್ತರ ಹೇಳಬೇಕಾದವರು ಒಂಟಿಯಾಗಿದ್ದ ಅಮ್ಮ. ಅವರ ಜೊತೆ ನಾವು ಮೂರು ಸಲ ಠಾಣೆಗೆ ಹೋಗಿ ಬಂದೆವು. ಕೊನೆಗೆ ಸರಿಹೋಯಿತು. ಆದರೆ ಆ ವಯಸ್ಸಿನಲ್ಲಿ ಅವರಿಗೆ ಆ ಬೆಂಚಿನ ಮೇಲೆ ಕುಳಿತುಕೊಳ್ಳುವ ಪಾಡು ಬರಬಾರದಿತ್ತು.

ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಇಂಥ ಆಯುಧವನ್ನು ವಿಳಂಬವಿಲ್ಲದೆ ಹತ್ತಿರದ ಠಾಣೆಯಲ್ಲಿ ಅಥವಾ ಪರವಾನಗಿ ಇರುವ ವ್ಯಾಪಾರಿಯಲ್ಲಿ ಠೇವಣಿ ಇಡಬೇಕು. ಬಳಿಕ ಅರ್ಹ ವಾರಸುದಾರರು ಉಳಿದವರ ಒಪ್ಪಿಗೆಯೊಂದಿಗೆ ತಮ್ಮ ಹೆಸರಿಗೆ ಅರ್ಜಿ ಹಾಕಬಹುದು. ಸಾಯುವವರೆಗೆ ಕಾಯಬೇಕೆಂದೂ ಇಲ್ಲ. ಪರವಾನಗಿದಾರರಿಗೆ 70 ವರ್ಷ ತುಂಬಿದ್ದರೆ ಅಥವಾ ಆಯುಧ 25 ವರ್ಷದಿಂದ ಅವರ ಬಳಿ ಇದ್ದರೆ ಜೀವಿತಕಾಲದಲ್ಲೇ ವಾರಸುದಾರರಿಗೆ ವರ್ಗಾಯಿಸಲು 2016ರ ನಿಯಮಗಳಲ್ಲಿ ಅವಕಾಶವಿದೆ. ಮಕ್ಕಳಿಗೆ ಬೇಡವೆಂದಾದರೆ ಬದುಕಿರುವಾಗಲೇ ಒಪ್ಪಿಸಿ ರಶೀದಿ ಪಡೆಯುವುದು ಮರ್ಯಾದೆಯ ದಾರಿ.

ಮನೆಯಲ್ಲಿ ಆಯುಧವಿರುವ ಪ್ರತಿಯೊಬ್ಬ ಸದಸ್ಯರೂ ಒಂದು ಹಾಳೆಯಲ್ಲಿ ಪರವಾನಗಿ ನಂಬ್ರ, ಗುರುತಿನ ಯು.ಐ.ಎನ್., ಅವಧಿ ಮುಗಿಯುವ ದಿನ, ಠಾಣೆಯ ಹೆಸರು, ಕೀಲಿ ಇರುವ ಜಾಗ ಇಷ್ಟನ್ನು ಬರೆದು ಮನೆಯ ಒಬ್ಬ ನಂಬಿಕಸ್ಥರಿಗೆ ತಿಳಿಸಿಡಿ. ಇಂದೇ ಬರೆದಿಟ್ಟರೆ ಒಳ್ಳೆಯದು. ಅರ್ಜಿ, ಮನವಿ ಬರೆಯಲು ಸಹಾಯ ಬೇಕಾದವರು ಕಚೇರಿಯ ವೇಳೆಯಲ್ಲಿ ಮೂಲ ಪರವಾನಗಿಯ ನಕಲಿನೊಂದಿಗೆ ಬನ್ನಿ. ಕೋವಿಯನ್ನು ದಯವಿಟ್ಟು ಮನೆಯಲ್ಲೇ ಬಿಟ್ಟು ಬನ್ನಿ.

— ಕಾರ್ಯದರ್ಶಿ, ಸಂಘದ ಪರವಾಗಿ