ಮಕ್ಕಳ ಸೇವೆಗೆ ಬರುವವರು ಯಾರು?

ನಮ್ಮ ಊರುಗಳಿಗೆ ಹೊಸಬನೊಬ್ಬ ಬಂದರೆ ಹಿರಿಯರು ಕೇಳುವ ಮೊದಲ ಪ್ರಶ್ನೆ, 'ನೀನು ಯಾರ ಮಗ, ಯಾವ ಊರು?' ಎಂಬುದು. ಅದು ಕುಶಲೋಪರಿಯಷ್ಟೇ ಅಲ್ಲ, ಒಂದು ವಿಚಾರಣೆಯೂ ಹೌದು. ತಂದೆಯ ಹೆಸರು, ಮನೆತನದ ಹೆಸರು, ಯಾರ ಪರಿಚಯದಿಂದ ಬಂದ ಎಂಬುದು ತಿಳಿದರೆ ಮುಂದಿನದನ್ನು ಊರೇ ಪತ್ತೆ ಹಚ್ಚುತ್ತಿತ್ತು. ಬೇಸಿಗೆ ಶಿಬಿರ, ಮನೆಪಾಠ, ಮದ್ರಸ, ಭಜನಾ ಮಂದಿರ, ಕ್ರೀಡಾ ಸಂಘ ಎಲ್ಲ ಕಡೆಯೂ ಮಕ್ಕಳ ನಡುವೆ ದುಡಿಯಲು ಬಂದವರ ಬಗ್ಗೆ ನಾವು ನೆಚ್ಚಿಕೊಂಡಿದ್ದು ಈ ಪ್ರಶ್ನೆಯನ್ನೇ. ಊರು ನಗರವಾದಾಗ ಪ್ರಶ್ನೆ ಉಳಿಯಿತು, ಆದರೆ ಉತ್ತರವನ್ನು ತಾಳೆ ನೋಡುವವರು ಇಲ್ಲವಾದರು. ಈ ಕೆಲಸವನ್ನು ಸರಕಾರದ ಕಡತಕ್ಕೆ ಒಪ್ಪಿಸಿದ ದೇಶಗಳಲ್ಲಿ ಬ್ರಿಟನ್ ಮುಖ್ಯವಾದುದು. ಅಲ್ಲಿನ ಅನುಭವ ಹೆಮ್ಮೆಪಡುವಂಥದ್ದೇನೂ ಅಲ್ಲ. ಪ್ರತಿಯೊಂದು ನಿಯಮದ ಹಿಂದೆಯೂ ಒಂದಲ್ಲ ಒಂದು ಮಗುವಿನ ಸಮಾಧಿಯಿದೆ.

ಬ್ರಿಟನ್ನಿನ ಶಿಕ್ಷಣ ಇಲಾಖೆಯಲ್ಲಿ 1926ರಿಂದಲೂ ಒಂದು ಪಟ್ಟಿಯಿತ್ತು. 'ಲಿಸ್ಟ್ 99' ಎಂದು ಅದರ ಹೆಸರು. ಮಕ್ಕಳಿಗೆ ಕಲಿಸಲು ಯೋಗ್ಯರಲ್ಲವೆಂದು ತೀರ್ಮಾನವಾದವರ ಹೆಸರುಗಳು ಅದರಲ್ಲಿರುತ್ತಿದ್ದವು. ಅದರ ಗಮನವೆಲ್ಲ ಶಾಲೆ ಮತ್ತು ಸಂಬಳದ ಶಿಕ್ಷಕರ ಮೇಲೆ. ಸಂಜೆ ಹೊತ್ತು ಹುಡುಗರಿಗೆ ಫುಟ್ಬಾಲ್ ಆಡಿಸುವವನು, ರಜೆಯಲ್ಲಿ ಶಿಬಿರಕ್ಕೆ ಕರೆದೊಯ್ಯುವವನು ಈ ಪಟ್ಟಿಯ ಲೆಕ್ಕಕ್ಕೆ ಬರುತ್ತಿರಲಿಲ್ಲ. ಪುಕ್ಕಟೆಯಾಗಿ ದುಡಿಯುವವನನ್ನು ಅನುಮಾನಿಸುವುದು ಎಲ್ಲಿಯೂ ಅಸಭ್ಯತೆಯೇ ತಾನೆ?

1983ರಲ್ಲಿ ನಾಲ್ಕು ವರ್ಷದ ಬಾಲಕಿಯೊಬ್ಬಳ ಕೊಲೆಯಾಯಿತು. ಮರುವರ್ಷ ಅಪರಾಧ ಸಾಬೀತಾದ ಕಾಲಿನ್ ಇವಾನ್ಸ್ ಎಂಬವನಿಗೆ ಮಕ್ಕಳ ಮೇಲಿನ ಅಪರಾಧಗಳಿಗಾಗಿ ಹಿಂದೆಯೇ ಶಿಕ್ಷೆಯಾಗಿತ್ತು. ಆದರೂ ಆತ ಸ್ವಯಂಸೇವಕನಾಗಿ ಕುಟುಂಬಗಳ, ಮಕ್ಕಳ ನಡುವೆ ಓಡಾಡಿಕೊಂಡಿದ್ದ ಎಂಬುದು ಬಯಲಾದಾಗ ದೇಶ ಬೆಚ್ಚಿತು. ಸರಕಾರ ಪರಿಶೀಲನೆ ನಡೆಸಿ, 1986ರಲ್ಲಿ ಸುತ್ತೋಲೆ ಹೊರಡಿಸಿತು. ಮಕ್ಕಳ ಸಂಪರ್ಕಕ್ಕೆ ಬರುವ ನೌಕರರ ಅಪರಾಧ ದಾಖಲೆಯನ್ನು ಸ್ಥಳೀಯ ಆಡಳಿತಗಳು ಪೊಲೀಸರಿಂದ ಕೇಳಿ ಪಡೆಯಬಹುದು ಎಂಬುದು ಅದರ ಸಾರ. ವಿಚಿತ್ರವೆಂದರೆ, ಸ್ವಯಂಸೇವಕನೊಬ್ಬನ ಪ್ರಕರಣದಿಂದ ಹುಟ್ಟಿದ ಈ ವ್ಯವಸ್ಥೆಯಲ್ಲಿ ಸ್ವಯಂಸೇವಾ ಸಂಘಗಳಿಗೆ ಬಹುಮಟ್ಟಿಗೆ ಜಾಗವೇ ಇರಲಿಲ್ಲ. ಲಕ್ಷಾಂತರ ಜನರ ಕಡತ ಹುಡುಕುವಷ್ಟು ಪುರುಸೊತ್ತು ಪೊಲೀಸ್ ಠಾಣೆಗಳಿಗೆ ಎಲ್ಲಿತ್ತು?

ಈ ಹೊತ್ತಿಗಾಗಲೇ ಸ್ಕಾಟ್ಲೆಂಡಿನಲ್ಲಿ ಇನ್ನೊಂದು ಕತೆ ನಡೆಯುತ್ತಿತ್ತು. ಥಾಮಸ್ ಹ್ಯಾಮಿಲ್ಟನ್ ಎಂಬ ಯುವಕ ಸ್ಕೌಟ್ ನಾಯಕನಾಗಿದ್ದ. ಶಿಬಿರಕ್ಕೆ ಕರೆದೊಯ್ದ ಹುಡುಗರನ್ನು ಕೊರೆಯುವ ಚಳಿಯಲ್ಲಿ ತನ್ನ ವ್ಯಾನಿನೊಳಗೇ ಮಲಗಿಸಿಕೊಂಡನೆಂಬ ದೂರು ಬಂತು. 1974ರಲ್ಲಿ ಸ್ಕೌಟ್ ಸಂಸ್ಥೆ ಅವನ ಅಧಿಕಾರಪತ್ರವನ್ನು ಹಿಂತೆಗೆದುಕೊಂಡು, ಮತ್ತೆಂದೂ ಸೇರಿಸಿಕೊಳ್ಳಬಾರದವರ ಪಟ್ಟಿಗೆ ಹಾಕಿತು. ಸಂಸ್ಥೆ ತನ್ನ ಮಟ್ಟಿಗೆ ಸರಿಯಾದುದನ್ನೇ ಮಾಡಿತ್ತು. ಆದರೆ ಆ ಪಟ್ಟಿ ಆ ಸಂಸ್ಥೆಯ ಕಪಾಟಿನೊಳಗಿತ್ತು. ಹ್ಯಾಮಿಲ್ಟನ್ ಮಾಡಿದ್ದು ಸರಳ ಉಪಾಯ. ತನ್ನದೇ ಹುಡುಗರ ಕ್ಲಬ್ಬುಗಳನ್ನು ತೆರೆದ. ಶಾಲೆಗಳ ವ್ಯಾಯಾಮಶಾಲೆಯನ್ನು ಬಾಡಿಗೆಗೆ ಪಡೆದು ಊರೂರಲ್ಲಿ ಜಿಮ್ನಾಸ್ಟಿಕ್ಸ್ ಕಲಿಸಿದ.

ಪೋಷಕರಲ್ಲಿ ಗುಸುಗುಸು ಇತ್ತು. 1983ರಲ್ಲಿ ಸ್ಥಳೀಯ ಆಡಳಿತ ಅವನಿಗೆ ಕೊಟ್ಟಿದ್ದ ಶಾಲಾ ಸಭಾಂಗಣವನ್ನು ರದ್ದು ಮಾಡಿತು. ಆತ ಸುಮ್ಮನಾಗಲಿಲ್ಲ, ಆಡಳಿತದ ಮೇಲಿನ ದೂರುಗಳನ್ನು ವಿಚಾರಿಸುವ ಅಧಿಕಾರಿಗೆ ದೂರಿತ್ತ. ಮರುವರ್ಷ ತೀರ್ಪು ಅವನ ಪರವಾಗಿ ಬಂತು. ಬರಿಯ ಊಹಾಪೋಹದ ಮೇಲೆ, ಅವನ ಮಾತನ್ನೂ ಕೇಳದೆ ಜಾಗ ಕಿತ್ತುಕೊಂಡದ್ದು ತಪ್ಪೆಂದು ಹೇಳಲಾಯಿತು. ಅವನನ್ನು ಬೆಂಬಲಿಸಿ ಸಹಿ ಹಾಕಿದ ಪೋಷಕರೂ ಇದ್ದರು. ಈ ತೀರ್ಪನ್ನು ಇಂದು ಓದುವಾಗ ಸಿಟ್ಟು ಬರುತ್ತದೆ. ಆದರೆ ತುಸು ತಾಳ್ಮೆಯಿಂದ ಯೋಚಿಸಿದರೆ, ಆ ಅಧಿಕಾರಿಯ ಮುಂದೆ ಇದ್ದುದಾದರೂ ಏನು? ಒಂದೂ ಶಿಕ್ಷೆಯಿಲ್ಲ, ಮೊಕದ್ದಮೆಯಿಲ್ಲ. ಗುಮಾನಿಯ ಮೇಲೆ ಮನುಷ್ಯನನ್ನು ಹೊರಗಟ್ಟುವುದು ಸರಿಯಲ್ಲವೆಂಬ ತತ್ವವನ್ನು ನಾವೂ ಒಪ್ಪುವವರೇ. ಗುಮಾನಿಯ ಬಲಿಪಶುಗಳಾದ ಅಮಾಯಕರನ್ನು ನಮ್ಮ ಸಮಾಜವೂ ಕಂಡಿದೆ.

1991ರಲ್ಲಿ ಅವನ ಇನ್ನೊಂದು ಶಿಬಿರದ ಬಗ್ಗೆ ತನಿಖೆ ನಡೆಸಿದ ಪೊಲೀಸ್ ಅಧಿಕಾರಿಯೊಬ್ಬರು, ಇವನ ಬಂದೂಕು ಪರವಾನಗಿಯನ್ನು ರದ್ದುಪಡಿಸಬೇಕೆಂದು ಟಿಪ್ಪಣಿ ಬರೆದರು. ಮೇಲಿನವರು ಅದನ್ನು ಬದಿಗಿಟ್ಟರು. 1996ರ ಮಾರ್ಚ್ 13ರಂದು ಹ್ಯಾಮಿಲ್ಟನ್ ಡನ್‌ಬ್ಲೇನ್ ಎಂಬ ಪುಟ್ಟ ಪಟ್ಟಣದ ಪ್ರಾಥಮಿಕ ಶಾಲೆಗೆ ನುಗ್ಗಿ, ಪರವಾನಗಿಯ ಪಿಸ್ತೂಲುಗಳಿಂದಲೇ 16 ಮಕ್ಕಳನ್ನೂ ಅವರ ಶಿಕ್ಷಕಿಯನ್ನೂ ಕೊಂದು, ತನ್ನನ್ನೂ ಕೊಂದುಕೊಂಡ. ಡನ್‌ಬ್ಲೇನ್ ಎಂದರೆ ಜಗತ್ತಿಗೆ ನೆನಪಿರುವುದು ಪಿಸ್ತೂಲು ನಿಷೇಧದ ಕಾನೂನು. ಆದರೆ ವಿಚಾರಣೆ ನಡೆಸಿದ ನ್ಯಾಯಾಧೀಶ ಲಾರ್ಡ್ ಕಲೆನ್ ಅವರ ವರದಿಯಲ್ಲಿ ಇನ್ನೊಂದು ಶಿಫಾರಸೂ ಇತ್ತು. 16 ವರ್ಷದೊಳಗಿನ ಮಕ್ಕಳು ಸೇರುವ ಕ್ಲಬ್ಬುಗಳಿಗೆ ಮಾನ್ಯತೆ ನೀಡುವ ರಾಷ್ಟ್ರಮಟ್ಟದ ಸಂಸ್ಥೆಯೊಂದು ಬೇಕು, ಅಲ್ಲಿ ದುಡಿಯುವವರ ಯೋಗ್ಯತೆಯ ಪರೀಕ್ಷೆ ನಡೆದಿರಬೇಕು ಎಂಬುದು ಅದು.

1997ರ ಪೊಲೀಸ್ ಕಾಯ್ದೆಯಲ್ಲಿ ಇದಕ್ಕೆ ಅಡಿಪಾಯ ಬಿತ್ತು. 2002ರ ಮಾರ್ಚ್‌ನಲ್ಲಿ ಅಪರಾಧ ದಾಖಲೆಗಳ ಬ್ಯೂರೋ ಕೆಲಸ ಆರಂಭಿಸಿತು. ಸ್ವಯಂಸೇವಕರಿಗೆ ಶುಲ್ಕವಿಲ್ಲ ಎಂಬ ನಿಯಮ ಅಲ್ಲಿಂದ ಬಂದದ್ದು. ಬ್ಯೂರೋ ಶುರುವಾಗಿ ಐದು ತಿಂಗಳಾಗಿತ್ತಷ್ಟೆ. ಆಗಸ್ಟ್ 4ರಂದು ಕೇಂಬ್ರಿಜ್‌ಶೈರಿನ ಸೋಹಮ್ ಎಂಬಲ್ಲಿ ಹತ್ತು ವರ್ಷದ ಇಬ್ಬರು ಗೆಳತಿಯರು ಕಾಣೆಯಾದರು. ಅವರನ್ನು ಕೊಂದವನು ಇಯಾನ್ ಹಂಟ್ಲಿ, ಊರಿನ ಹೈಸ್ಕೂಲಿನ ಕೇರ್‌ಟೇಕರ್.

ಹಂಟ್ಲಿಯ ಬಗ್ಗೆ ವಿಚಾರಣೆಯೇ ನಡೆಯದೆ ಕೆಲಸ ಸಿಕ್ಕಿತ್ತೆಂದು ಭಾವಿಸಬೇಡಿ. ಪೊಲೀಸ್ ಪರಿಶೀಲನೆ ಆಗಿತ್ತು. 2001ರಲ್ಲಿ ಅವನು ಅರ್ಜಿ ಹಾಕಿದ್ದು ತಾಯಿಯ ಮನೆತನದ ಹೆಸರಾದ ನಿಕ್ಸನ್ ಎಂಬುದರಲ್ಲಿ. ಮೊದಲು ಹಂಟ್ಲಿ ಎಂಬ ಹೆಸರಿತ್ತೆಂದು ಅವನೇ ತಿಳಿಸಿದ್ದ. ಆದರೆ ಕಂಪ್ಯೂಟರಿನಲ್ಲಿ ಹುಡುಕಿದವರು ನಿಕ್ಸನ್ ಎಂಬ ಹೆಸರನ್ನಷ್ಟೇ ನೋಡಿದರು. 1995ರಿಂದ 1999ರವರೆಗೆ ಹಂಬರ್‌ಸೈಡ್ ಪೊಲೀಸರ ಬಳಿಗೆ ಅವನ ವಿಷಯ ಹತ್ತು ಬಾರಿ ಬಂದಿತ್ತು. ಅವುಗಳಲ್ಲಿ ಎಂಟು ಲೈಂಗಿಕ ಅಪರಾಧದ ಆರೋಪಗಳು. ಯಾವುದರಲ್ಲೂ ಶಿಕ್ಷೆಯಾಗಿರಲಿಲ್ಲ. ಒಂದೊಂದನ್ನೂ ಬಿಡಿಬಿಡಿಯಾಗಿ ನೋಡಿ ಕಡತ ಮುಚ್ಚಲಾಗಿತ್ತು. ಹಲವು ವಿವರಗಳು ಅಳಿಸಿಹೋಗಿದ್ದವು, ಇನ್ನು ಕೆಲವು ದಾಖಲಾಗಿರಲೇ ಇಲ್ಲ. ಶಾಲೆಯ ಕಡೆಯಿಂದಲೂ ಲೋಪವಿತ್ತು. ಅವನು ತಂದ ಶಿಫಾರಸು ಪತ್ರಗಳು 'ಸಂಬಂಧಪಟ್ಟವರಿಗೆ' ಎಂಬ ಒಕ್ಕಣೆಯವು. ಅವನ್ನು ಬರೆದವರಿಗೆ ಯಾರೂ ಫೋನು ಮಾಡಿ ಕೇಳಲಿಲ್ಲ.

ಸರ್ ಮೈಕಲ್ ಬಿಚರ್ಡ್ ಅವರ ವರದಿ 2004ರ ಜೂನ್‌ನಲ್ಲಿ 31 ಶಿಫಾರಸುಗಳೊಂದಿಗೆ ಬಂತು. ಖಾಸಗಿ ಮಾಹಿತಿ ರಕ್ಷಣೆಯ ಕಾನೂನಿನಿಂದಾಗಿ ದಾಖಲೆ ಅಳಿಸಬೇಕಾಯಿತೆಂಬ ಪೊಲೀಸರ ನೆಪವನ್ನು ಅವರು ಒಪ್ಪಲಿಲ್ಲ. ತಪ್ಪು ಕಾನೂನಿನದಲ್ಲ, ಅದನ್ನು ಅರ್ಥಮಾಡಿಕೊಳ್ಳದವರದು ಎಂದರು. ಇಲ್ಲಿ ಒಂದು ಮಾತನ್ನು ಹೇಳಲೇಬೇಕು. ಆ ಬಾಲಕಿಯರು ಹಂಟ್ಲಿಯ ಶಾಲೆಯ ವಿದ್ಯಾರ್ಥಿನಿಯರೇ ಅಲ್ಲ. ಅವರು ಓದುತ್ತಿದ್ದುದು ಬೇರೆ ಪ್ರಾಥಮಿಕ ಶಾಲೆಯಲ್ಲಿ. ಅಲ್ಲಿ ಸಹಾಯಕಿಯಾಗಿದ್ದ ಅವನ ಗೆಳತಿಯ ಮೇಲಿನ ಪ್ರೀತಿ ಅವರನ್ನು ಆ ಮನೆಯ ಬಾಗಿಲಿಗೆ ತಂದಿತ್ತು. ಶಾಲೆ ಅವನಿಗೆ ಕೆಲಸ ನಿರಾಕರಿಸಿದ್ದರೆ ಆ ಮನೆಯೇ ಅಲ್ಲಿರುತ್ತಿರಲಿಲ್ಲ ಎನ್ನಬಹುದು. ಆದರೆ ಜಗತ್ತಿನ ಎಲ್ಲ ಬಾಗಿಲುಗಳನ್ನೂ ಪ್ರಮಾಣಪತ್ರವೊಂದು ಕಾಯಲಾರದು ಎಂಬುದೂ ಅಷ್ಟೇ ನಿಜ.

ಭಯದಲ್ಲಿ ಮಾಡಿದ ಕಾನೂನು ಹಿಗ್ಗುತ್ತಲೇ ಹೋಗುತ್ತದೆ. 2002ರ ಸೆಪ್ಟೆಂಬರಿನಲ್ಲಿ ಪರಿಶೀಲನೆ ಮುಗಿಯದ ಶಿಕ್ಷಕರನ್ನು ತರಗತಿಗೆ ಬಿಡಬಾರದೆಂದು ಹೇಳಿ, ಶಾಲೆಗಳು ತೆರೆಯುವುದೇ ತಡವಾಗಿ, ಸರಕಾರ ಮಾತು ಹಿಂತೆಗೆದುಕೊಂಡಿತ್ತು. 2006ರ ಹೊಸ ಕಾಯ್ದೆ ಇನ್ನೂ ದೂರ ಹೋಯಿತು. ಮಕ್ಕಳ ಅಥವಾ ದುರ್ಬಲರ ನಡುವೆ ಕೆಲಸ ಮಾಡುವ ಪ್ರತಿಯೊಬ್ಬರೂ ನೋಂದಾಯಿಸಿಕೊಳ್ಳಬೇಕೆಂಬ ಯೋಜನೆ ಸಿದ್ಧವಾಯಿತು. ಅಂದಾಜು 1 ಕೋಟಿ 13 ಲಕ್ಷ ಜನ! ನೆರೆಮನೆಯ ಮಕ್ಕಳನ್ನು ಕ್ಲಬ್ಬಿನ ಪರವಾಗಿ ಕಾರಿನಲ್ಲಿ ಪಂದ್ಯಕ್ಕೆ ಬಿಡುವ ತಂದೆಯೂ ನೋಂದಾಯಿಸಬೇಕೇ ಎಂಬ ಪ್ರಶ್ನೆ ಎದ್ದಿತು. 2009ರಲ್ಲಿ ಮಕ್ಕಳ ಸಾಹಿತಿ ಫಿಲಿಪ್ ಪುಲ್ಮನ್ ಮೊದಲಾದವರು, ಈ ಅವಮಾನಕ್ಕೆ ಒಳಗಾಗುವುದಕ್ಕಿಂತ ಶಾಲೆಗಳಿಗೆ ಹೋಗಿ ಕತೆ ಓದುವುದನ್ನೇ ಬಿಡುತ್ತೇವೆ ಎಂದರು. ಸಾಹಿತಿಗಳ ಸ್ವಾಭಿಮಾನ ನನಗೆ ತುಸು ಅತಿಯೆನಿಸಿತು. ಆದರೆ ಹಿರಿಯರೆಲ್ಲರೂ ಮಕ್ಕಳಿಗೆ ಅಪಾಯ ಎಂಬ ಊಹೆಯಿಂದ ಹೊರಟರೆ ಮಕ್ಕಳ ಹತ್ತಿರ ಹೋಗುವವರೇ ಇಲ್ಲವಾಗುತ್ತಾರೆ ಎಂಬ ಆತಂಕ ಸುಳ್ಳಲ್ಲ. 2010ರ ಜೂನ್‌ನಲ್ಲಿ ಹೊಸ ಸರಕಾರ ಯೋಜನೆಯನ್ನು ತಡೆಹಿಡಿಯಿತು. 2012ರ ಕಾನೂನು ವ್ಯಾಪ್ತಿಯನ್ನು ಕುಗ್ಗಿಸಿತು. ಬೇರೊಬ್ಬರ ಮೇಲ್ವಿಚಾರಣೆಯಲ್ಲಿ ದುಡಿಯುವ ಸ್ವಯಂಸೇವಕರ ಮೇಲಿನ ಕಟ್ಟುಪಾಡುಗಳು ಸಡಿಲವಾದವು. ಅದೇ ವರ್ಷದ ಡಿಸೆಂಬರಿನಲ್ಲಿ ಹಳೆಯ ಬ್ಯೂರೋ ಸೇರಿ ಎರಡು ಸಂಸ್ಥೆಗಳು ಒಂದಾಗಿ ಡಿಬಿಎಸ್ ಎಂಬ ಈಗಿನ ಸಂಸ್ಥೆಯಾಯಿತು.

ಪಟ್ಟಿಗಳು ಯಾರನ್ನು ಹಿಡಿಯುತ್ತವೆ, ಯಾರನ್ನು ಬಿಡುತ್ತವೆ ಎಂಬುದಕ್ಕೆ ಅದೇ ಕಾಲದ ಎರಡು ಪ್ರಕರಣಗಳಿವೆ. 11 ವರ್ಷದ ಹುಡುಗನೊಬ್ಬನಿಗೆ ಎರಡು ಸೈಕಲ್ ಕದ್ದದ್ದಕ್ಕೆ ಪೊಲೀಸರು ಎಚ್ಚರಿಕೆ ನೀಡಿ ಬಿಟ್ಟಿದ್ದರು. 17ನೇ ವಯಸ್ಸಿನಲ್ಲಿ ಫುಟ್ಬಾಲ್ ಕ್ಲಬ್ಬೊಂದರ ಅರೆಕಾಲಿಕ ಕೆಲಸಕ್ಕೆ ಅರ್ಜಿ ಹಾಕಿದಾಗ ಆ ಸೈಕಲ್ಲುಗಳು ಪ್ರಮಾಣಪತ್ರದಲ್ಲಿ ಪ್ರತ್ಯಕ್ಷವಾದವು. ಕಾಲೇಜು ಸೇರುವಾಗ ಮತ್ತೊಮ್ಮೆ. ಅವನು ನ್ಯಾಯಾಲಯಕ್ಕೆ ಹೋಗಿ ಗೆದ್ದ. 2014ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಕೂಡ, ಹೀಗೆ ಎಲ್ಲವನ್ನೂ ಎಂದೆಂದಿಗೂ ಬಹಿರಂಗಪಡಿಸುವುದು ಖಾಸಗಿ ಬದುಕಿನ ಹಕ್ಕಿಗೆ ವಿರುದ್ಧವೆಂದಿತು. ಇನ್ನೊಂದು ಕಡೆ, ಟಿವಿ ತಾರೆ ಜಿಮ್ಮಿ ಸ್ಯಾವಿಲ್. ಲೀಡ್ಸ್ ಮತ್ತು ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಗಳಲ್ಲಿ ದಶಕಗಳ ಕಾಲ ಸ್ವಯಂಸೇವಕ, ಕೋಟಿಗಟ್ಟಲೆ ದೇಣಿಗೆ ಎತ್ತಿದವನು, 1990ರಲ್ಲಿ 'ಸರ್' ಪದವಿ ಪಡೆದವನು. ಅವನು ರೋಗಿಗಳನ್ನೂ ಮಕ್ಕಳನ್ನೂ ಪೀಡಿಸಿದ್ದು ಬಯಲಾದದ್ದು 2012ರಲ್ಲಿ, ಸತ್ತ ಮರುವರ್ಷ. ಬದುಕಿರುವಾಗ ಅವನ ದಾಖಲೆ ತೆಗೆಸಿದ್ದರೆ ಒಂದು ಶಿಕ್ಷೆಯೂ ಕಾಣುತ್ತಿರಲಿಲ್ಲ.

ಬ್ರಿಟನ್ನಿನ ಈ ಕತೆ ನಮ್ಮ ತೀರಕ್ಕೂ ಬಂದಿದೆ. ಗೋವಾದಲ್ಲಿ ಅನಾಥ ಮಕ್ಕಳ ಪೋಷಕನೆಂದು ಹೆಸರು ಮಾಡಿದ್ದ ಫ್ರೆಡ್ಡಿ ಪೀಟ್ಸ್ ಎಂಬವನ ಬಂಧನ 1991ರಲ್ಲಾಯಿತು, 1996ರಲ್ಲಿ ಜೀವಾವಧಿ ಶಿಕ್ಷೆಯಾಯಿತು. ಮುಂಬೈಯ ಕೊಲಾಬಾದಲ್ಲಿ 'ಆಂಕರೇಜ್' ಎಂಬ ಬೀದಿಮಕ್ಕಳ ಆಶ್ರಯಧಾಮ ಕಟ್ಟಿದ ಡಂಕನ್ ಗ್ರಾಂಟ್ ಮತ್ತು ಅಲ್ಲಿಗೆ ಬರುತ್ತಿದ್ದ ಅಲನ್ ವಾಟರ್ಸ್ ಇಬ್ಬರೂ ಬ್ರಿಟಿಷರು. 2001ರಲ್ಲಿ ದೂರು, 2006ರಲ್ಲಿ ಆರು ವರ್ಷಗಳ ಶಿಕ್ಷೆ, 2008ರಲ್ಲಿ ಹೈಕೋರ್ಟಿನಿಂದ ಬಿಡುಗಡೆ, 2011ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿನಿಂದ ಮತ್ತೆ ಶಿಕ್ಷೆ. ಬೀದಿಯ ಹುಡುಗರು ಹತ್ತು ವರ್ಷ ತಮ್ಮ ಮಾತಿಗೆ ಅಂಟಿಕೊಂಡು ನಿಂತರು ಎಂಬುದೇ ಇದರಲ್ಲಿ ದೊಡ್ಡ ಸಂಗತಿ. ಬಿಳಿಯ ಸಾಹೇಬರು ಬಡ ಮಕ್ಕಳ ಸೇವೆಗೆ ಬಂದಾಗ ನಾವು ಕೈಮುಗಿದೆವೇ ಹೊರತು, 'ಯಾರ ಮಗ, ಯಾವ ಊರು' ಎಂದು ಕೇಳಲಿಲ್ಲ. ಹೊರದೇಶಗಳಲ್ಲಿ ಮಕ್ಕಳ ನಡುವೆ ಕೆಲಸ ಮಾಡಲು ಹೊರಟವರಿಗೆಂದೇ ಬ್ರಿಟನ್ ಪ್ರತ್ಯೇಕ ಪ್ರಮಾಣಪತ್ರವೊಂದನ್ನು ಕೊಡುತ್ತದೆ. ಅದನ್ನು ಕೇಳಿ ಪಡೆಯಬೇಕಾದವರು ಇಲ್ಲಿನ ಸಂಸ್ಥೆಗಳವರು.

ನಮ್ಮಲ್ಲಿ 2012ರಲ್ಲಿ ಪೋಕ್ಸೋ ಕಾಯ್ದೆ ಬಂತು. 2018ರ ಸೆಪ್ಟೆಂಬರಿನಲ್ಲಿ ಲೈಂಗಿಕ ಅಪರಾಧಿಗಳ ರಾಷ್ಟ್ರೀಯ ದತ್ತಾಂಶವೊಂದು ಆರಂಭವಾಯಿತು. ಅದನ್ನು ನೋಡುವ ಅವಕಾಶ ಪೊಲೀಸರಂಥ ಕಾನೂನು ಪಾಲಕರಿಗೆ ಮಾತ್ರ. 2020ರ ಪೋಕ್ಸೋ ನಿಯಮಗಳು, ಮಕ್ಕಳು ವಾಸಿಸುವ ಅಥವಾ ನಿಯಮಿತವಾಗಿ ಬರುವ ಎಲ್ಲ ಸಂಸ್ಥೆಗಳು, ಶಾಲೆ, ಶಿಶುವಿಹಾರ, ಕ್ರೀಡಾ ಅಕಾಡೆಮಿ ಯಾವುದೇ ಇರಲಿ, ತಮ್ಮ ಸಿಬ್ಬಂದಿಯ ಪೊಲೀಸ್ ಪರಿಶೀಲನೆಯನ್ನು ಆಗಾಗ ಮಾಡಿಸಬೇಕೆಂದು ವಿಧಿಸಿವೆ. ಬೋಧಕರು, ಬೋಧಕೇತರರು, ಕಾಯಂ, ಗುತ್ತಿಗೆ ಎಂದೆಲ್ಲ ಬಿಡಿಸಿ ಹೇಳಿರುವ ಆ ನಿಯಮ ಕೊನೆಗೆ 'ಸಂಸ್ಥೆಯ ನೌಕರನಾದ ಇತರ ಯಾವುದೇ ವ್ಯಕ್ತಿ' ಎಂಬಲ್ಲಿಗೆ ನಿಲ್ಲುತ್ತದೆ. ಸಂಬಳವಿಲ್ಲದೆ ಭಾನುವಾರ ಚಿತ್ರ ಬಿಡಿಸಲು ಕಲಿಸಿ ಹೋಗುವವನ ಹೆಸರು ಅದರಲ್ಲಿ ಎಲ್ಲಿಯೂ ಇಲ್ಲ.